ಕೈ ನಿಲ್ಲಿಸದೆ ಮಾತಾಡಿ

ನನಗೆ ಸಿಕ್ಕ ಮೊದಲ ಕೆಲಸ ಸೂಜಿಗೆ ದಾರ ಪೋಣಿಸುವುದು. ಆಗ ನನಗೆ ಆರೋ ಏಳೋ ವರ್ಷ. ಸವಣೂರಿನಲ್ಲಿ ನಾನಿಯ ಮನೆಯಲ್ಲಿದ್ದುಕೊಂಡು ಉರ್ದು ಶಾಲೆಗೆ ಹೋಗುತ್ತಿದ್ದೆ. ಬಿಸಿಲು ಏರುವ ತಿಂಗಳುಗಳಲ್ಲಿ, ಮಧ್ಯಾಹ್ನದ ನಮಾಝ್ ಮುಗಿದ ಮೇಲೆ, ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರಿ ಕೌದಿ ಹಾಸುತ್ತಿದ್ದರು. ಅವರಲ್ಲಿ ಅರ್ಧ ಜನರಿಗೆ ಕಣ್ಣು ಮಂಜು. ಎಂಟು ಹತ್ತು ಸೂಜಿಗಳಿಗೆ ದಾರ ಹಾಕಿ ಒಂದು ದಿಂಬಿಗೆ ಚುಚ್ಚಿಡುವುದು, ಯಾರ ದಾರ ಮುಗಿಯಿತೋ ಅವರಿಗೆ ಒಂದನ್ನು ಕೊಡುವುದು ನನ್ನ ಪಾಲಿನ ಕೆಲಸ. ಕೂಲಿಯೆಂದು ಒಂದು ಹಿಡಿ ಸವಣೂರು ಖಾರ ಸಿಗುತ್ತಿತ್ತು. ಅದಕ್ಕಿಂತ ರುಚಿಯಾಗಿದ್ದದ್ದು ಅವರ ಮಾತು. ಯಾರ ಮನೆಯಲ್ಲಿ ಒಲೆ ಉರಿಯಲಿಲ್ಲ, ಯಾರ ಸೊಸೆ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಯಾರ ಮಗ ಗೋವಾದಿಂದ ಹಣ ಕಳಿಸಲಿಲ್ಲ, ಎಲ್ಲವೂ ಅಲ್ಲಿ ಬರುತ್ತಿತ್ತು.

ಆ ಮಾತಿಗೆ ನಾನಿ ಹಾಕಿದ್ದ ನಿಯಮ ಒಂದೇ. ಕಥೆಯ ರಭಸದಲ್ಲಿ ಯಾರಾದರೂ ಸೂಜಿ ಬಿಟ್ಟು ಕೈ ಆಡಿಸತೊಡಗಿದರೆ ದಖನಿಯಲ್ಲಿ ಗದರುತ್ತಿದ್ದರು: “ಬಾತಾಂ ಕರೋ, ಹಾತ್ ನಕ್ಕೊ ರೋಕೊ.” ಮಾತಾಡಿ, ಕೈ ನಿಲ್ಲಿಸಬೇಡಿ.

ಮಳೆಗಾಲಕ್ಕೆ ಮೊದಲು ಕೌದಿ ಮುಗಿಯಲೆಂದು ಅವರು ಹಾಗೆ ಹೇಳುತ್ತಿದ್ದರೆಂದು ಬಹಳ ಕಾಲ ತಿಳಿದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಎದುರಿಗೆ ಇಲ್ಲದವರ ಬಗ್ಗೆ ಮಾತಾಡುವುದು ಯಾವಾಗ ಪಾಪ, ಯಾವಾಗ ಕರ್ತವ್ಯ ಎಂಬ ಪ್ರಶ್ನೆಗೆ ಓದು ಬರಹ ಬಾರದ ಆ ಮುದುಕಿ ಕಂಡುಕೊಂಡಿದ್ದ ಉತ್ತರ ಅದು ಎಂದು ತೋರುತ್ತದೆ. ಕಥೆ ಬರೆಯುವ ನನಗೆ ಈ ಪ್ರಶ್ನೆ ಒಂದು ತಪ್ಪಿನ ಮೂಲಕ ಮನೆ ಬಾಗಿಲಿಗೆ ಬಂದದ್ದರಿಂದ ಇಲ್ಲಿ ಅದನ್ನು ಚರ್ಚಿಸಬೇಕೆನಿಸಿದೆ.

ಉತ್ತರ ಕರ್ನಾಟಕದ ಓದುಗರಿಗೆ ಕೌದಿ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಒಂದೆರಡು ಮಾತು. ಉಟ್ಟು ಹಳತಾದ ಸೀರೆ, ಧೋತರ, ಅಂಗಿ, ಚಾದರಗಳನ್ನು ಒಗೆದು ಒಣಗಿಸಿ, ಗಟ್ಟಿಯಿರುವ ಭಾಗಗಳನ್ನು ಹರಿದು ಒಂದರ ಮೇಲೊಂದು ಪದರವಾಗಿ ಹಾಸುತ್ತಾರೆ. ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ, ಸಣ್ಣ ಸಣ್ಣ ಹೊಲಿಗೆಯ ಸಾಲುಗಳನ್ನು ಸುತ್ತ ಹಾಕುತ್ತಾ ನಡುವಿಗೆ ಬರುತ್ತಾರೆ. ಪದರಗಳು ಜರುಗದೆ ಇರಬೇಕಾದರೆ ನಾಲ್ಕು ಮೂಲೆಗೆ ನಾಲ್ವರು ಕೂರುವುದೇ ಅನುಕೂಲ. ಒಬ್ಬಳೇ ಹೊಲಿಯಬಹುದು, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಬಟ್ಟೆ ಸೊಟ್ಟಗಾಗುತ್ತದೆ. ಬಡತನ ಮತ್ತು ಚಳಿ ಸೇರಿ ಹುಟ್ಟಿಸಿದ ವಸ್ತು ಇದು. ಅದರ ಗುಣವೇ ಹೆಂಗಸರನ್ನು ಸುತ್ತ ಕೂರಿಸಿತು. ನಾನಿ ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಒಂದು ಚೂರನ್ನು ಪದರದೊಳಗೆ ಇಡುತ್ತಿದ್ದರು. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಹೊದ್ದವರ ಮನೆಯಲ್ಲಿ ಹಸಿವು ಹೋಗುವುದಿಲ್ಲ ಎನ್ನುತ್ತಿದ್ದರು.

ನಮ್ಮ ಕನ್ನಡದಲ್ಲಿ ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಿದೆ. ಕಂತೆ, ಬೊಂತೆ ಎರಡೂ ಹರಕು ಬಟ್ಟೆಯ ಹೊದಿಕೆಗಳೇ. ‘ಅಂತೆ ಕಂತೆ’ ಎಂಬ ಇನ್ನೊಂದು ಮಾತೂ ಇದೆ. ಯಾರೋ ಹೇಳಿದ್ದನ್ನು ಇನ್ನಾರಿಗೋ ದಾಟಿಸುವುದಕ್ಕೆ ನಾವು ಹಾಗೆನ್ನುತ್ತೇವೆ. ಗಾಳಿಮಾತಿಗೂ ಕೌದಿಗೂ ನಂಟು ಕಟ್ಟಲು ಭಾಷೆಯೇ ಸಹಾಯಕ್ಕೆ ನಿಂತಂತಿದೆ! ಉರ್ದುವಿನಲ್ಲಿ ಇದನ್ನು ಗುದಡಿ ಎನ್ನುತ್ತಾರೆ. ಬಡವರ ಮನೆಯಲ್ಲಿ ಹುಟ್ಟಿದ ಪ್ರತಿಭಾವಂತನನ್ನು ‘ಗುದಡೀ ಕಾ ಲಾಲ್’, ಅಂದರೆ ಚಿಂದಿಯೊಳಗಿನ ಮಾಣಿಕ್ಯ ಎಂದು ಕರೆಯುವುದುಂಟು. ಸೂಫಿಗಳು ತೇಪೆ ಹಾಕಿದ ಖಿರ್ಕಾ ತೊಟ್ಟರು. ಪ್ರವಾದಿ(ಸ)ಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹಝ್ರತ್ ಆಯಿಶಾ(ರ) ಅವರು, ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿ ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹೇಳಿದ್ದು ಹದೀಸ್‌ನಲ್ಲಿದೆ. ಸೂಜಿ ಹಿಡಿಯುವುದು ಕೀಳು ಕೆಲಸವೆಂದು ನಮ್ಮ ಪರಂಪರೆ ಎಂದೂ ಹೇಳಲಿಲ್ಲ.

ನಾಲ್ಕನೆಯ ತರಗತಿ ಮುಗಿಸಿ ನಾನು ಕೊಡಗಿನ ಮಾದಾಪುರಕ್ಕೆ, ತಂದೆ ತಾಯಿಯ ಬಳಿಗೆ ಬಂದೆ. ಅಲ್ಲಿ ಕನ್ನಡ ಶಾಲೆಗೆ ಸೇರಿದೆ. ಮಡಿಕೇರಿಗೂ ಸೋಮವಾರಪೇಟೆಗೂ ನಡುವಿನ ಆ ಸಣ್ಣ ಪೇಟೆಯಲ್ಲಿ ಅಬ್ಬಾ ಟೈಲರ್. ಕೊಡಗಿನಲ್ಲಿ ಕೌದಿಯ ಪದ್ಧತಿ ಇರಲಿಲ್ಲ. ಅಲ್ಲಿನವರು ಚಳಿಗೆ ಕಂಬಳಿ ಹೊದೆಯುವವರು. ಅಮ್ಮಿ ಸವಣೂರಿನಿಂದ ಬಂದವರು. ಅಂಗಡಿಯಲ್ಲಿ ಬೀಳುವ ಕತ್ತರಿ ಚೂರುಗಳನ್ನು ಕಂಡು ಸುಮ್ಮನಿರುವುದು ಅವರಿಂದ ಆಗುತ್ತಿರಲಿಲ್ಲ. ಶಾಲಾ ಸಮವಸ್ತ್ರದ ನೀಲಿ, ಜುಬ್ಬಾದ ಬಿಳಿ, ಕೊಡವರ ಕುಪ್ಯದಿಂದ ಮಿಕ್ಕ ಕಪ್ಪು, ಎಲ್ಲವನ್ನೂ ಗೋಣಿಯಲ್ಲಿ ತುಂಬಿಡುತ್ತಿದ್ದರು. ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದು, ತೋಟದ ಕೆಲಸ ಸ್ವಲ್ಪ ಸಡಿಲವಾದಾಗ ಅಂಗಳದಲ್ಲಿ ಕೌದಿ ಹಾಸುತ್ತಿದ್ದರು. ಮೊದಲ ವರ್ಷ ಅಕ್ಕಪಕ್ಕದವರು ನೋಡಿ ನಕ್ಕರಂತೆ. ಮಳೆ ಹಿಡಿದ ಮೇಲೆ, ಆ ಕೌದಿಯೊಳಗೆ ನಾವು ಮಲಗಿದ್ದನ್ನು ಕಂಡು, ಮರು ಬೇಸಿಗೆಯಲ್ಲಿ ತಮ್ಮ ತಮ್ಮ ಹಳೆ ಸೀರೆಗಳನ್ನು ಹಿಡಿದುಕೊಂಡು ಬಂದರು. ಮಲಯಾಳ ಮಾತಾಡುವ ಮಾಪಿಳ್ಳೆ ಹೆಂಗಸರು, ಅರೆಭಾಷೆಯ ಗೌಡರ ಮನೆಯ ಅಜ್ಜಿ, ತೋಟದ ಲೈನ್ ಮನೆಯ ತಮಿಳು ಹೆಂಗಸರು. ಒಬ್ಬೊಬ್ಬರ ಭಾಷೆ ಒಂದೊಂದು. ಮಾತು ಮುರುಕು ಕನ್ನಡದಲ್ಲಿ ನಡೆಯುತ್ತಿತ್ತು. ದಾರ ಪೋಣಿಸುವವನು ಮತ್ತೆ ನಾನೇ.

ಈ ಕೂಟವನ್ನು ಇಟ್ಟುಕೊಂಡು ಗತಕಾಲವನ್ನು ಹೊಗಳುವ ಆಸೆ ನನಗಿಲ್ಲ. ಅದರ ಬಗ್ಗೆ ಒಂದು ಗಂಭೀರವಾದ ಆಕ್ಷೇಪ ಆಗಲೇ ಇತ್ತು, ಅದು ಸುಳ್ಳೂ ಆಗಿರಲಿಲ್ಲ. ಒಂದು ಸಲ ಊರಿಗೆ ಬಂದ ಮೌಲವಿಯೊಬ್ಬರು ಗೀಬತ್‌ನ ಬಗ್ಗೆ, ಅಂದರೆ ಬೆನ್ನ ಹಿಂದೆ ಮಾತಾಡುವುದರ ಬಗ್ಗೆ, ಪ್ರವಚನ ಮಾಡಿದರು. ಹೆಂಗಸರು ಒಟ್ಟು ಸೇರುವ ಕಡೆಯೆಲ್ಲ ಅದೇ ನಡೆಯುತ್ತದೆ, ಆದ್ದರಿಂದ ಸೇರದಿರುವುದೇ ಒಳ್ಳೆಯದು ಎಂದರು. ಅಂದು ಅಮ್ಮಿಯ ಮುಖ ಸಣ್ಣಗಾಗಿತ್ತು.

ಮೌಲವಿಯವರು ಹೇಳಿದ್ದರ ಮೊದಲ ಭಾಗ ನಿಜ. ಪರನಿಂದೆ ಮಾಡುವುದನ್ನು ಕುರ್‌ಆನ್ ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. ಅದಕ್ಕಿಂತ ಕಠಿಣವಾದ ಹೋಲಿಕೆ ಇರಲಾರದು. ಸತ್ತವನು ತಿರುಗಿ ಉತ್ತರ ಕೊಡಲಾರ. ಎದುರಿಗೆ ಇಲ್ಲದವನೂ ಹಾಗೆಯೇ. ಹೇಳಿದ್ದು ನಿಜವಾಗಿದ್ದರೆ ಏನು ಎಂದು ಅನುಚರರು ಕೇಳಿದಾಗ ಪ್ರವಾದಿ(ಸ)ಯವರು, ನಿಜವಾಗಿದ್ದರೆ ಅದು ಗೀಬತ್, ಸುಳ್ಳಾಗಿದ್ದರೆ ಅದಕ್ಕಿಂತ ದೊಡ್ಡ ಪಾಪವಾದ ಬುಹ್ತಾನ್, ಸುಳ್ಳಾರೋಪ, ಎಂದು ವಿವರಿಸಿದರು. ಅಂದರೆ ‘ನಾನು ಇದ್ದದ್ದನ್ನೇ ಹೇಳಿದೆ’ ಎಂಬ ಸಮರ್ಥನೆಗೆ ಅಲ್ಲಿ ಜಾಗವಿಲ್ಲ. ಇಮಾಮ್ ಗಝಾಲಿಯವರು ‘ಇಹ್ಯಾ ಉಲೂಮುದ್ದೀನ್’ನಲ್ಲಿ ನಾಲಗೆಯ ಅನಾಹುತಗಳ ಬಗ್ಗೆಯೇ ಒಂದು ಇಡೀ ಭಾಗವನ್ನು ಬರೆದರು. ಕೇಳುತ್ತಾ ಕೂತವನೂ ಪಾಲುದಾರನೇ ಎನ್ನುವುದು ಅವರ ನಿಲುವು.

ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಇಮಾಮ್ ನವವಿಯವರು ‘ರಿಯಾಝುಸ್ಸಾಲಿಹೀನ್’ನಲ್ಲಿ ಇಲ್ಲದವರ ಬಗ್ಗೆ ಮಾತಾಡಲು ಅನುಮತಿಯಿರುವ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಮೊದಲನೆಯದು ಅನ್ಯಾಯಕ್ಕೆ ಒಳಗಾದವರ ದೂರು. ಎರಡನೆಯದು ಕೆಡುಕನ್ನು ತಡೆಯಲು ನೆರವು ಕೇಳುವುದು. ಅಬೂಸುಫ್ಯಾನರ ಪತ್ನಿ ಹಿಂದ್ ಅವರು ಪ್ರವಾದಿ(ಸ)ಯವರ ಬಳಿ ಬಂದು, ಗಂಡ ಜಿಪುಣ, ಮನೆಗೆ ಮಕ್ಕಳಿಗೆ ಸಾಕಾಗುವಷ್ಟು ಕೊಡುವುದಿಲ್ಲ ಎಂದು ದೂರಿದರು. ಗಂಡನ ಬೆನ್ನ ಹಿಂದೆ ಮಾತಾಡಬೇಡ ಎಂದು ಪ್ರವಾದಿ(ಸ)ಯವರು ಅವರ ಬಾಯಿ ಮುಚ್ಚಿಸಲಿಲ್ಲ. ನಿನಗೂ ಮಕ್ಕಳಿಗೂ ಬೇಕಾದಷ್ಟನ್ನು ನ್ಯಾಯವಾಗಿ ತೆಗೆದುಕೋ ಎಂದರು. ಕುರ್‌ಆನಿನ 58ನೆಯ ಅಧ್ಯಾಯದ ಹೆಸರೇ ಅಲ್‌ಮುಜಾದಲ. ಗಂಡನ ಅನ್ಯಾಯದ ಬಗ್ಗೆ ವಾದಿಸಲು ಬಂದ ಒಬ್ಬ ಹೆಂಗಸಿನ ಮಾತನ್ನು ಅಲ್ಲಾಹನು ಆಲಿಸಿದ ಎಂಬಲ್ಲಿಂದ ಅದು ಆರಂಭವಾಗುತ್ತದೆ. ಹೆಂಗಸರ ದೂರಿಗೆ ಆಕಾಶದಲ್ಲಿ ಕಿವಿಯಿದೆ ಎಂದಾಯಿತು. ಪೇಟೆಯಲ್ಲಿ ಅದಕ್ಕೆ ಕಿವಿಯೆಲ್ಲಿದೆ?

1980, 90ರ ದಶಕದ ಮಾದಾಪುರದಲ್ಲಿ ಆ ಕಿವಿ ಕೌದಿಯ ಸುತ್ತ ಇತ್ತು. ಒಬ್ಬಾಕೆ ಎರಡು ದಿನದಿಂದ ಬರಲಿಲ್ಲ. ಏಕೆ ಬರಲಿಲ್ಲ ಎಂಬಲ್ಲಿಂದ ಮಾತು ಶುರುವಾಯಿತು. ಗಂಡ ಹೊಡೆದಿದ್ದಾನೆ ಎಂದು ಪಕ್ಕದ ಮನೆಯವರು ಹೇಳಿದರು. ಅದು ಖಂಡಿತ ಗೀಬತ್. ಅಂದು ಸಂಜೆ ಅಮ್ಮಿ ನನ್ನ ಕೈಯಲ್ಲಿ ಗಂಜಿಯ ಪಾತ್ರೆ ಕೊಟ್ಟು ಆಕೆಯ ಮನೆಗೆ ಕಳಿಸಿದರು. ಗೌಡರ ಅಜ್ಜಿ ಮರುದಿನ ತಾವೇ ಹೋಗಿ ಅಂಗಳದಲ್ಲಿ ನಿಂತು ಅವನನ್ನು ಹೆಸರು ಹಿಡಿದು ಕರೆದರು. ಅಬ್ಬಾ ಜಮಾಅತ್‌ನ ಹಿರಿಯರಿಗೆ ವಿಷಯ ಮುಟ್ಟಿಸಿದರು. ಅವನು ಒಮ್ಮೆಲೇ ಒಳ್ಳೆಯವನಾಗಲಿಲ್ಲ. ಆದರೆ ಊರಿಗೆ ಗೊತ್ತಿದೆ ಎಂದು ಅವನಿಗೆ ಗೊತ್ತಾಯಿತು. ಹೊಡೆಸಿಕೊಂಡಾಕೆ ಠಾಣೆಗೆ ಹೋಗುವವರಲ್ಲ, ಮಸೀದಿಯ ಕಮಿಟಿಯ ಎದುರು ನಿಲ್ಲುವವರೂ ಅಲ್ಲ. ಅವರ ದೂರನ್ನು ಅವರ ಪರವಾಗಿ ಹೊತ್ತದ್ದು ಆ ಕೂಟ. ಅಂದು ಅವರು ಬಾಯಿಗೆ ಬೀಗ ಹಾಕಿಕೊಂಡು ಸತ್ಕರ್ಮ ಮಾಡಿದೆವೆಂದು ಕೂತಿದ್ದರೆ ಅದು ಯಾವ ಧರ್ಮ?

ಇನ್ನು ಎರಡನೆಯ ಸಂಗತಿ. ಅದೇ ಕೂಟದಲ್ಲಿ, 1990ರ ಬೇಸಿಗೆಯಲ್ಲಿ, ನಮ್ಮ ಮನೆಯಿಂದ ಸ್ವಲ್ಪ ದೂರದ ಹುಡುಗಿಯೊಬ್ಬಳ ಬಗ್ಗೆ ಮಾತು ಬಂತು. ಅವರನ್ನು ಅಕ್ಕ ಎಂದಷ್ಟೇ ಕರೆಯುತ್ತೇನೆ. ಹೈಸ್ಕೂಲಿನ ಕೊನೆಯ ವರ್ಷ. ಬಸ್ಸಿನಲ್ಲಿ ಒಬ್ಬ ಹುಡುಗನ ಪಕ್ಕ ನಿಂತು ನಗುತ್ತಿದ್ದಳಂತೆ. ಅಷ್ಟೇ. ಒಂದು ಮೂಲೆಯಿಂದ ಹೊರಟ ಆ ‘ಅಂತೆ’ ನಾಲ್ಕನೆಯ ಮೂಲೆಗೆ ಬರುವಷ್ಟರಲ್ಲಿ ಬೇರೆಯೇ ಆಗಿತ್ತು. ವಾರದೊಳಗೆ ಅವಳ ಶಾಲೆ ನಿಂತಿತು. ಮಳೆಗಾಲಕ್ಕೆ ಮುಂಚೆ ದೂರದ ಊರಿಗೆ ಮದುವೆ ಮಾಡಿ ಕೊಟ್ಟರು. ಹದಿನಾರೂ ತುಂಬಿರಲಿಲ್ಲ. ಆ ಮಾತನ್ನು ಮೊದಲು ತೆಗೆದವರಲ್ಲಿ ನನ್ನ ಅಮ್ಮಿಯೂ ಒಬ್ಬರು. ನಾನು ಅಲ್ಲೇ ದಿಂಬಿನ ಪಕ್ಕ ಕೂತಿದ್ದೆ.

ನಂತರ ನಡೆದದ್ದನ್ನೂ ಹೇಳಬೇಕು. ಬಸ್ಸಿನಲ್ಲಿದ್ದ ಹುಡುಗ ಆಕೆಯ ಚಿಕ್ಕಮ್ಮನ ಮಗ ಎಂದು ಕೆಲವು ತಿಂಗಳ ಮೇಲೆ ತಿಳಿಯಿತು. ಆ ಮನೆಯವರು ಕೂಟಕ್ಕೆ ಬರುವುದನ್ನು ಬಿಟ್ಟಿದ್ದರು. ಬಿಟ್ಟರೂ ಅದೇ ಬಾವಿ, ಅದೇ ಅಂಗಡಿ, ಅದೇ ಬಸ್ಸು. ಮುಖ ತಪ್ಪಿಸುವುದು ಸಾಧ್ಯವಿರಲಿಲ್ಲ. ಮರು ವರ್ಷ ಅಕ್ಕನ ಬಾಣಂತನ ಎಂದು ಗೊತ್ತಾದಾಗ ಅಮ್ಮಿ ತಮ್ಮ ಮದುವೆಯ ನಂತರ ಉಟ್ಟ ಹತ್ತಿಯ ಸೀರೆಯನ್ನು ಹರಿದು ಮಗುವಿಗೆ ಕೌದಿ ಹಾಸಿದರು. ಅದನ್ನು ಹೊಲಿಯುವಾಗ ಮಾತು ಕಡಿಮೆ ಇತ್ತು. ಗಂಟು ಹೊತ್ತುಕೊಂಡು ಅಮ್ಮಿಯ ಜೊತೆ ಆ ಊರಿಗೆ ಹೋದವನು ನಾನು. ಗೀಬತ್‌ನ ಪಶ್ಚಾತ್ತಾಪಕ್ಕೆ ಅಲ್ಲಾಹನ ಕ್ಷಮೆ ಮಾತ್ರ ಸಾಲದು, ಯಾರಿಗೆ ಅನ್ಯಾಯವಾಯಿತೋ ಅವರೂ ಕ್ಷಮಿಸಬೇಕು ಎಂದು ಮದರಸದಲ್ಲಿ ಕಲಿತಿದ್ದೆ. ಅದು ಹೇಗಿರುತ್ತದೆಂದು ಅಂದು ನೋಡಿದೆ. ಅಮ್ಮಿ ಹೊಸ್ತಿಲ ಹೊರಗೆ ನಿಂತು, ನನ್ನ ನಾಲಗೆಯಿಂದ ನಿನಗೆ ಹೀಗಾಯಿತು, ಮಾಫ್ ಮಾಡು ಎಂದರು. ಅಕ್ಕ ಏನೂ ಹೇಳಲಿಲ್ಲ. ಕೌದಿಯನ್ನು ತೆಗೆದುಕೊಂಡು ಒಳಗೆ ಹೋದರು. ನಾವು ಮುಂದಿನ ಬಸ್ಸಿಗೆ ವಾಪಸಾದೆವು.

ಕೌದಿ ಆ ತಪ್ಪನ್ನು ಅಳಿಸಿತೆಂದು ನಾನು ಹೇಳಲಾರೆ. ಅವರ ಶಾಲೆ ತಿರುಗಿ ಬರಲಿಲ್ಲ. ಆದರೆ ಆ ಹೊಸ್ತಿಲವರೆಗೆ ಅಮ್ಮಿಯನ್ನು ಕರೆದುಕೊಂಡು ಹೋದದ್ದು ಯಾವುದು ಎಂದು ಯೋಚಿಸುತ್ತೇನೆ. ಆಡಿದ ಮಾತಿಗೆ ಅವರ ಹೆಸರು ಅಂಟಿಕೊಂಡಿತ್ತು. ಕೇಳಿದವರೆಲ್ಲ ನಾಳೆ ಅದೇ ಅಂಗಳಕ್ಕೆ ಬರುವವರು. ಮಾತಾಡಿದವರು, ಕೇಳಿದವರು, ಮಾತಿಗೆ ಗುರಿಯಾದವರು, ಎಲ್ಲರೂ ಒಂದೇ ನೀರು ಕುಡಿಯುವವರು. ಅಲ್ಲಿ ಆಡಿದ ಮಾತು ಆಡಿದವರ ಕೈಗೆ ಒಂದು ಕೆಲಸವನ್ನು ಹಚ್ಚುತ್ತಿತ್ತು. ಒಮ್ಮೆ ಗಂಜಿ ಕೊಡುವ ಕೆಲಸ, ಇನ್ನೊಮ್ಮೆ ಕ್ಷಮೆ ಕೇಳುವ ಕೆಲಸ. ಕೈ ನಿಲ್ಲಿಸಬೇಡಿ ಎಂದ ನಾನಿಯ ಮಾತಿನ ಅರ್ಥ ಇದೇ ಇರಬೇಕು.

ಹೀಗೆ ಸೂಜಿಯೂ ಮಾತೂ ಒಟ್ಟಿಗೆ ನಡೆದದ್ದು ನಮ್ಮಲ್ಲಿ ಮಾತ್ರವಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯೂ ನಮ್ಮ ಕೌದಿಯ ಹತ್ತಿರದ ಸಂಬಂಧಿ. ಆಫ್ರಿಕಾದಿಂದ ಬಂದವರ ವಂಶದ ಈ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಕವಂದಿಯ ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ತ್ರಿಕೋನಗಳನ್ನು ಹೂವಿನಂತೆ ಇಡುತ್ತಾರೆ. ಅದಕ್ಕೆ ‘ಫುಲ’ ಎಂದು ಹೆಸರು. ಅದಿಲ್ಲದ ಕವಂದಿ ಬತ್ತಲೆ ಎಂಬುದು ಅವರ ನಂಬಿಕೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೆವಾಲ್ ಅವರ ಒತ್ತಾಸೆಯಿಂದ 2004ರಲ್ಲಿ ಅಲ್ಲಿನ ಹೆಂಗಸರ ಸಹಕಾರ ಕೂಟವೊಂದು ರೂಪುಗೊಂಡಿತು, ಕವಂದಿಗಳು ಹೊರದೇಶದ ಪ್ರದರ್ಶನಗಳಿಗೂ ಹೋದವು. ಬಂಗಾಳದಲ್ಲಿ ಇದೇ ವಸ್ತು ಕಾಂಥಾ ಆಯಿತು. ಜಸೀಮುದ್ದೀನ್ 1929ರಲ್ಲಿ ಪ್ರಕಟಿಸಿದ ‘ನಕ್ಷಿ ಕಾಂಥಾರ್ ಮಾಠ್’ ಕಾವ್ಯದಲ್ಲಿ, ಗಂಡ ದೂರವಾದ ಹಳ್ಳಿಯ ಮುಸ್ಲಿಂ ಹೆಣ್ಣೊಬ್ಬಳು ತನ್ನ ಬದುಕಿನ ಕಥೆಯನ್ನೆಲ್ಲ ಕಾಂಥಾದ ಮೇಲೆ ಹೊಲಿದು, ಸತ್ತ ಮೇಲೆ ಗೋರಿಯ ಮೇಲೆ ಅದನ್ನು ಹಾಸಲು ಹೇಳುತ್ತಾಳೆ. ತನ್ನ ಕಥೆಯನ್ನು ಬೇರೆಯವರ ಬಾಯಿಗೆ ಬಿಡದೆ ತಾನೇ ಹೊಲಿದವಳು ಅವಳು.

ಅಮೆರಿಕದ ಹಳ್ಳಿಗಳಲ್ಲೂ ಹೆಂಗಸರು ಒಂದು ಚೌಕಟ್ಟಿನ ಸುತ್ತ ಕೂತು ಹೊದಿಕೆ ಹೊಲಿಯುವ ಕೂಟಗಳಿದ್ದವು. ಅಲ್ಲಿಂದಲೇ ಬಂದ ಒಂದು ಉದಾಹರಣೆ ನನ್ನನ್ನು ಬಹಳ ಕಾಡಿದೆ. 1980ರ ದಶಕದಲ್ಲಿ ಏಡ್ಸ್‌ನಿಂದ ಸತ್ತವರ ಹೆಸರನ್ನು ಜನ ಪಿಸುಮಾತಿನಲ್ಲಿ ಮಾತ್ರ ಹೇಳುತ್ತಿದ್ದರು. ಎಷ್ಟೋ ಮನೆಯವರು ಸಾವಿನ ಕಾರಣವನ್ನೇ ಮುಚ್ಚಿಟ್ಟರು. ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವರು ಸೇರಿ, ಸತ್ತ ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಟ್ಟೆಯ ಹಾಳೆ ಹೊಲಿದರು. ಪ್ರತಿ ಹಾಳೆ ಆರಡಿ ಉದ್ದ, ಮೂರಡಿ ಅಗಲ. ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಅಂಥ 1,920 ಹಾಳೆಗಳನ್ನು ಹಾಸಿದರು. ಅದುವರೆಗೆ ಬೆನ್ನ ಹಿಂದಿನ ಮಾತಾಗಿದ್ದ ಹೆಸರುಗಳು ಹಗಲು ಬೆಳಕಿನಲ್ಲಿ ನೆಲದ ಮೇಲೆ ಇದ್ದವು. ಅದೇ ಜನರ ಬಗ್ಗೆ ಪಿಸುಗುಟ್ಟಿದವರು ತಮ್ಮ ಕೈಯಿಂದ ಏನನ್ನೂ ಮಾಡಿರಲಿಲ್ಲ. ಇವರು ಮಾಡಿದರು.

ಇನ್ನು ನನ್ನ ತಪ್ಪಿನ ವಿಷಯ.

ಸೂಜಿಗೆ ದಾರ ಹಾಕುತ್ತಾ ಕೇಳಿದ ಮಾತುಗಳೇ ನನ್ನನ್ನು ಕಥೆಗಾರನನ್ನಾಗಿ ಮಾಡಿದವು ಎಂದು ಹಲವು ಕಡೆ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. 2004ರಲ್ಲಿ ನನ್ನ ಒಂದು ಕಥೆ ಅಚ್ಚಾಯಿತು. ಗಾಳಿಮಾತಿಗೆ ಬಲಿಯಾದ ಹುಡುಗಿಯ ಕಥೆ. ಅಕ್ಕನದೇ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ. ಬಸ್ಸು, ಕಪ್ಪು ನೀಲಿ ತುಂಡುಗಳ ಕೌದಿ, ಹೊಸ್ತಿಲು ಎಲ್ಲ ಹಾಗೇ ಇದ್ದವು. ಜೊತೆಗೆ ಕಥೆಗೆ ತೂಕ ಬರಲೆಂದು ಒಂದನ್ನು ಸೇರಿಸಿದೆ. ಕಥೆಯ ಹುಡುಗಿ ಬಸ್ಸಿನ ಹುಡುಗನನ್ನು ನಿಜವಾಗಿಯೂ ಪ್ರೀತಿಸಿದ್ದಳು, ಅವನೊಡನೆ ಓಡಿಹೋಗಲು ಹೊರಟಿದ್ದಳು. ಹೆಣ್ಣಿನ ಪರವಾಗಿ ಬರೆದ ದಿಟ್ಟ ಕಥೆ ಎಂದು ಜನ ಮೆಚ್ಚಿದರು. ಅದು ನನ್ನ ಸಂಕಲನಕ್ಕೂ ಸೇರಿತು. ಅಮ್ಮಿ ಮಾತ್ರ ಓದಿಸಿಕೊಂಡು ಕೇಳಿ, “ಅವಳನ್ನು ಕೇಳಿದ್ದೆಯಾ?” ಎಂದರು. ಕಥೆ ಬರೆಯಲು ಯಾರನ್ನು ಕೇಳಬೇಕು ಎಂದು ನಾನು ನಕ್ಕೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಮಳೆ ನಿಲ್ಲದೆ ಸುರಿದು ಬೆಟ್ಟಗಳೇ ಜಾರಿದವು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಮುತ್ತ ಮನೆ ತೋಟಗಳು ಮಣ್ಣಿನಡಿ ಸೇರಿದವು. ಜನ ಪರಿಹಾರ ಕೇಂದ್ರಗಳಲ್ಲಿ ತುಂಬಿಕೊಂಡರು. ಅಂಥ ಒಂದು ಕೇಂದ್ರಕ್ಕೆ ಅಕ್ಕಿ, ಔಷಧಿ ಹಿಡಿದುಕೊಂಡು ನಾವು ಕೆಲವರು ಹೋಗಿದ್ದೆವು. ಊರೂರುಗಳಿಂದ ಬಂದ ಹಳೆ ಬಟ್ಟೆಗಳು ಅಲ್ಲಿ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಕಳಿಸಿದವರಿಗೆ ಪುಣ್ಯ ಬಂದಿರಬಹುದು. ಯಾರ ಮೈ ಅಳತೆ, ಯಾರ ಚಳಿ ಎಂದು ಗೊತ್ತಿಲ್ಲದೆ ಕಟ್ಟಿ ಕಳಿಸಿದ್ದರಿಂದ ಬಹಳಷ್ಟು ಯಾರಿಗೂ ಬೇಕಾಗದೆ ಒದ್ದೆಯಾಗುತ್ತಿತ್ತು. ಆ ರಾಶಿಯಿಂದ ಹತ್ತಿಯ ಸೀರೆಗಳನ್ನು ಆರಿಸುತ್ತಾ ಒಬ್ಬರು ಕೂತಿದ್ದರು. ಅಕ್ಕ. ಗಂಡ ಬಿಟ್ಟ ಮೇಲೆ ವರ್ಷಗಳ ಹಿಂದೆಯೇ ಈ ಕಡೆಗೆ ವಾಪಸು ಬಂದು ತೋಟದ ಕೆಲಸ ಮಾಡಿಕೊಂಡಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಅವರ ಕಥೆ ಬರೆದವನಿಗೆ ಅವರು ಎಲ್ಲಿದ್ದಾರೆಂದು ಗೊತ್ತಿರಲಿಲ್ಲ!

ಅವರು ನನ್ನನ್ನು ಗುರುತಿಸಿದರು. ದಾರ ಪೋಣಿಸುವ ಹುಡುಗ ಅಲ್ಲವಾ ಎಂದು ಕೇಳಿದರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ ಮೇಲೆ, ನಿಮ್ಮ ಪುಸ್ತಕವನ್ನು ಮಗಳು ಓದಿ ಹೇಳಿದ್ದಾಳೆ ಎಂದರು. ಮಗಳಿಗೆ ಸಂಬಂಧ ನೋಡುವಾಗ ಬಂದವರಲ್ಲೊಬ್ಬರು ಆ ಕಥೆಯ ಬಗ್ಗೆ ವಿಚಾರಿಸಿದರಂತೆ, ಮಾತು ಅಲ್ಲಿಗೇ ನಿಂತಿತಂತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಲೆಕ್ಕ ಒಪ್ಪಿಸುವಂತೆ ಹೇಳಿದರು: “ನಿಮ್ಮಮ್ಮ ನನ್ನ ಮೇಲೆ ಮಾತಾಡಿದರು. ಆಮೇಲೆ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತರು, ಮಗುವಿಗೆ ಕೌದಿ ಕೊಟ್ಟರು. ನೀವು ಬರೆದಿರಿ. ಏನು ಕೊಟ್ಟಿರಿ?”

ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿಲ್ಲ. ಸಾಹಿತ್ಯ, ಸಮಾಜದ ಕಣ್ಣು ತೆರೆಸುವುದು ಎಂಬ ದೊಡ್ಡ ಮಾತುಗಳು ಆ ಶೆಡ್ಡಿನಲ್ಲಿ ಬಾಯಿಗೆ ಬರಲಿಲ್ಲ. ಅಮ್ಮಿ ಆಡಿದ್ದು ನಾಲ್ಕು ಜನರ ನಡುವೆ. ನಾನು ಬರೆದದ್ದು ಸಾವಿರಾರು ಜನರ ಕೈಗೆ ಹೋಯಿತು. ಅಮ್ಮಿ ಸುಳ್ಳೆಂದು ತಿಳಿದ ಮೇಲೆ ತಿದ್ದಿಕೊಂಡರು. ನಾನು ಸುಳ್ಳೆಂದು ತಿಳಿದೇ ಸೇರಿಸಿದೆ. ಹದಿನಾಲ್ಕು ವರ್ಷದ ಹಿಂದೆ ಸತ್ತಿದ್ದ ‘ಅಂತೆ’ಗೆ ನಾನು ಅಚ್ಚಿನ ಜೀವ ಕೊಟ್ಟೆ. ಧರ್ಮಶಾಸ್ತ್ರದ ಭಾಷೆಯಲ್ಲಿ ಅಮ್ಮಿಯದು ದುಡುಕಿನ ನಾಲಗೆ, ನನ್ನದು ಲೆಕ್ಕ ಹಾಕಿ ಮಾಡಿದ ಬುಹ್ತಾನ್.

ಹಾಗಾದರೆ ಕಥೆಗಾರ ಬೇರೆಯವರ ಬದುಕನ್ನು ಮುಟ್ಟಲೇಬಾರದೇ? ಮುಟ್ಟಬಾರದೆಂದರೆ ಹೊಡೆಸಿಕೊಂಡವರ ದೂರು ಯಾರ ಕಿವಿಗೂ ಬೀಳುವುದಿಲ್ಲ. ಮೌಲವಿಯವರ ಪ್ರವಚನಕ್ಕೂ ನನ್ನ ಈ ಮಾತಿಗೂ ಆಗ ವ್ಯತ್ಯಾಸ ಉಳಿಯುವುದಿಲ್ಲ. ಮಾತು ಬೇಕು. ಆದರೆ ಯಾರ ಬಗ್ಗೆ ಮಾತೋ ಅವರ ಹೊಸ್ತಿಲಿಗೆ ಹೋಗಲು ಸಿದ್ಧನಿರುವವನು ಮಾತ್ರ ಆ ಮಾತಾಡಬೇಕು. ಆಡಿದ್ದರ ಫಲ ಅವರಿಗೆ ತಟ್ಟಿದಾಗ ಅದರಲ್ಲಿ ಪಾಲು ಹೊರಲು ಕೈ ಮುಂದೆ ಮಾಡಬೇಕು. ಆ ಸಿದ್ಧತೆ ಇಲ್ಲದವನ ಬಾಯಲ್ಲಿ ಅನುಕಂಪದ ಮಾತೂ ಗೀಬತ್ ಆಗುತ್ತದೆ.

ಇದನ್ನು ಕಥೆಗಾರರಿಗೆ ಮಾತ್ರ ಹೇಳುತ್ತಿಲ್ಲ. ಕೌದಿಯ ಕೂಟ ಈಗ ಇಲ್ಲ. ಮೊದಲು ಸೊಲ್ಲಾಪುರದ ಚಾದರ ಬಂತು, ಆಮೇಲೆ ಸಂತೆಯಲ್ಲಿ ಅಗ್ಗದ ರಗ್ಗು ಬಂತು. ಹತ್ತಿಯ ಸೀರೆ ಹೋಗಿ ಪಾಲಿಯೆಸ್ಟರ್ ಬಂದ ಮೇಲೆ ಹಳೆ ಸೀರೆಯಲ್ಲಿ ಬೆವರು ಹೀರುವ ಗುಣವೇ ಇಲ್ಲವಾಯಿತು, ಅದರಿಂದ ಕೌದಿ ಆಗುವುದಿಲ್ಲ. ಸಂಜೆಯ ಹೊತ್ತನ್ನು ಧಾರಾವಾಹಿಗಳು ತೆಗೆದುಕೊಂಡವು. ಅಂಗಳ ಖಾಲಿಯಾಯಿತು, ಮಾತು ಮಾತ್ರ ಖಾಲಿಯಾಗಲಿಲ್ಲ. ಅದು ಮೊಬೈಲ್‌ಗೆ ಹೋಯಿತು. ಯಾವುದೋ ಊರಿನ ಹುಡುಗಿ ಬಸ್ಸಿನಲ್ಲಿ ಯಾರದೋ ಪಕ್ಕ ನಿಂತ ವೀಡಿಯೋ ನನ್ನ ಫೋನಿಗೂ ಬರುತ್ತದೆ. ಅವಳು ಯಾವ ಧರ್ಮದವಳು, ಅವನು ಯಾವ ಧರ್ಮದವನು ಎಂಬ ವಿವರದೊಡನೆ ಬರುತ್ತದೆ. ಅದನ್ನು ದಾಟಿಸುವವರಿಗೆ ಅವಳ ಊರು ಗೊತ್ತಿಲ್ಲ, ಅವಳ ಬಾವಿಯ ನೀರು ಕುಡಿದಿಲ್ಲ. ನಾಳೆ ಅವಳ ಶಾಲೆ ನಿಂತರೆ ಯಾರೂ ಬಸ್ಸು ಹತ್ತಿ ಹೋಗುವುದಿಲ್ಲ. ಕೌದಿಯ ಹೆಂಗಸರನ್ನು ಗದರಿದ ನಮ್ಮ ಗಂಡಸರೇ ಇವತ್ತು ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಲ್ಲಿ ನಿಂತು ಇಂಥದ್ದನ್ನು ಹಂಚುತ್ತಿದ್ದಾರೆ. ಹೆಬ್ಬೆರಳು ಆಡುತ್ತದೆ, ಕೈ ನಿಂತಿದೆ.

ಮಾದಾಪುರದ ಬಳಿಯ ಜಂಬೂರಿನಲ್ಲಿ ಸಂತ್ರಸ್ತರಿಗಾಗಿ ಕಟ್ಟಿದ ಮನೆಗಳನ್ನು 2020ರಲ್ಲಿ ಹಸ್ತಾಂತರಿಸಿದರು. ಅಕ್ಕನಿಗೂ ಅಲ್ಲಿ ಒಂದು ಮನೆ ಸಿಕ್ಕಿತು. ಒಂದೇ ಥರದ ಮನೆಗಳ ಸಾಲು. ಬೇರೆ ಬೇರೆ ಊರಿನಿಂದ ಬಂದವರು, ಮೊದಲಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ನಾನು ಈದ್‌ಗೆ ಅಲ್ಲಿಗೆ ಹೋಗುತ್ತೇನೆ. ಕ್ಷಮೆ ಕೇಳಿದ್ದೇನೆ. ಸಂಕಲನದ ಮರುಮುದ್ರಣಕ್ಕೆ ಆ ಕಥೆಯನ್ನು ಕೊಡಲಿಲ್ಲ. ಮಗಳ ಮದುವೆ ಬೇರೆ ಕಡೆ ಆಯಿತು. ಅದರಲ್ಲಿ ನನ್ನ ಕೈಲಾದದ್ದು ಮಾಡಿದೆ. ಮಾಫ್ ಮಾಡಿದ್ದೇನೆ ಎಂದು ಅವರು ಇನ್ನೂ ಹೇಳಿಲ್ಲ. ಕೇಳಿದರೆ, ನೋಡೋಣ ಎನ್ನುತ್ತಾರೆ. ಅದು ಅವರ ಹಕ್ಕು.

ಈ ಲೇಖನವನ್ನು ಕಳಿಸುವ ಮೊದಲು ಅವರ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ಎರಡು ಕಡೆ ತೆಗೆಯಲು ಹೇಳಿದರು, ತೆಗೆದಿದ್ದೇನೆ. ಒಂದನ್ನು ಸೇರಿಸಲು ಹೇಳಿದರು. ಅಮ್ಮಿ ಕೊಟ್ಟ ಕೌದಿಯನ್ನು ನಾನು ಬಹಳ ಹೊಗಳಿದಂತೆ ಅವರಿಗೆ ಅನಿಸಿತಂತೆ. ಅದರ ಒಂದು ಮೂಲೆಯ ಹೊಲಿಗೆ ಮೊದಲ ಮಳೆಗಾಲದಲ್ಲೇ ಬಿಟ್ಟುಕೊಂಡಿತ್ತು, ತಾನೇ ಕೂತು ಮತ್ತೆ ಹೊಲಿದುಕೊಳ್ಳಬೇಕಾಯಿತು, ಅದನ್ನೂ ಬರೆಯಿರಿ ಎಂದರು. ಬರೆದಿದ್ದೇನೆ.